ಕಾಣದ ನಾಡಿನ ನೆನಪು: ಜೇಕಬ್ ಲಾರೆನ್ಸನ ವಲಸೆಯ ಚಿತ್ರಮಾಲೆಯೂ ನಮ್ಮ ಪಾಠಕ್ರಮವೂ

೧

ಹೊರನಾಡಿನಲ್ಲಿ ಹುಟ್ಟಿ ಬೆಳೆಯುವ ಮಕ್ಕಳಿಗೆ ವಲಸೆಯ ಅರ್ಥವನ್ನು ಸಾಹಿತ್ಯದ ಮೂಲಕ ತಿಳಿಸಿಕೊಡಬೇಕೆಂದಾಗ ನಮ್ಮ ಕೈ ಮೊದಲು ಹೋಗುವುದು ಹಂಬಲದ ಪದ್ಯಗಳ ಕಡೆಗೆ. ಪಂಪನ ಬನವಾಸಿಯ ವರ್ಣನೆ ಇವುಗಳಿಗೆಲ್ಲ ಹಿರಿಯಣ್ಣ. ಕ್ರಿ. ಶ. ೯೪೧ರ ಸುಮಾರಿನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರ್ಜುನನ ಬಾಯಿಂದ ಬರುವ ಆ ಮಾತುಗಳು ವೇಮುಲವಾಡದ ಆಸ್ಥಾನದಲ್ಲಿ, ಎಂದರೆ ಇಂದಿನ ತೆಲಂಗಾಣದ ನೆಲದಲ್ಲಿ ಇದ್ದ ಕವಿಯವು ಎಂಬುದನ್ನು ನೆನೆದರೆ, ಹೊರನಾಡ ಕನ್ನಡಿಗನಿಗೆ ಅವು ಇಮ್ಮಡಿ ಪ್ರಿಯವಾಗುವುದು ಸಹಜವೇ ಆಗಿದೆ. ಆದರೆ ಆ ಹಂಬಲವು ಬನವಾಸಿಯನ್ನು ಕಂಡವನ ಹಂಬಲ. ಅದನ್ನು ಕಾಣದೆಯೇ ಮುಂಬಯಿಯ ಚಾಳಿನಲ್ಲಿಯೋ ಉಪನಗರದ ಫ್ಲ್ಯಾಟಿನಲ್ಲಿಯೋ ಕಣ್ಣು ತೆರೆದ ಮಗುವಿಗೆ ಅದು ತನ್ನದಾಗುವುದು ಹೇಗೆ? ತಾನು ಕಳೆದುಕೊಳ್ಳದ ವಸ್ತುವಿಗಾಗಿ ಅಳಬೇಕೆಂದು ಅದಕ್ಕೆ ಹೇಳಿಕೊಡುವುದು ಎಷ್ಟರಮಟ್ಟಿಗೆ ವಿಹಿತ?

ಈ ಪ್ರಶ್ನೆ ನಮ್ಮಂತಹ ಸಂಘಗಳಿಗೆ ಕೇವಲ ತಾತ್ತ್ವಿಕವಾದುದಲ್ಲ. ಮೊದಲ ತಲೆಮಾರಿನವರ ನೆನಪಿನ ಬಲದಿಂದ ಕಟ್ಟಿದ ಸಂಸ್ಥೆಗಳು ಆ ನೆನಪು ಇಲ್ಲದವರ ಕೈಗೆ ಸೇರುವ ಕಾಲ ಬಂದಿದೆ. ನೆನಪು ರಕ್ತದಲ್ಲಿ ಹರಿದು ಬರುವುದೆಂದು ನಾವು ನಂಬಿದರೆ, ಬಾರದಿದ್ದಾಗ ಮಕ್ಕಳನ್ನು ದೂರುವುದೊಂದೇ ಉಳಿಯುತ್ತದೆ. ಅದು ಕಲಿತು ಬರುವ ವಿದ್ಯೆ ಎಂದು ಒಪ್ಪಿದರೆ, ಕಲಿಸುವ ಹೊಣೆ ನಮ್ಮ ಮೇಲೆ ಬೀಳುತ್ತದೆ. ಈ ಎರಡನೆಯ ಪಕ್ಷವನ್ನು ಸಮರ್ಥಿಸುವುದಕ್ಕಾಗಿ ದೂರದ ನಾಡಿನ ಒಂದು ಕೃತಿಯನ್ನು ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿದ್ದೇನೆ. ಅಮೆರಿಕದ ಕಪ್ಪು ಜನಾಂಗದ ಚಿತ್ರಕಾರ ಜೇಕಬ್ ಲಾರೆನ್ಸನು ೧೯೪೦-೪೧ರಲ್ಲಿ ರಚಿಸಿದ ಅರುವತ್ತು ಚಿತ್ರಗಳ ವಲಸೆಯ ಮಾಲೆಯೇ ಆ ಕೃತಿ.

೨

ಮೊದಲು ಕೃತಿಯ ಹಿನ್ನೆಲೆ. ಸುಮಾರು ೧೯೧೦ರಿಂದ ೧೯೭೦ರವರೆಗಿನ ಅವಧಿಯಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳಿಂದ ಅರುವತ್ತು ಲಕ್ಷದಷ್ಟು ಕಪ್ಪು ಜನರು ಉತ್ತರಕ್ಕೂ ಪಶ್ಚಿಮಕ್ಕೂ ತೆರಳಿದರು. ಇತಿಹಾಸಕಾರರು ಇದನ್ನು ಮಹಾವಲಸೆ ಎಂದು ಕರೆಯುತ್ತಾರೆ. ಮೊದಲನೆಯ ಮಹಾಯುದ್ಧದಿಂದಾಗಿ ಯುರೋಪಿನಿಂದ ಬರುವ ಕೂಲಿಗಾರರ ಪ್ರವಾಹ ನಿಂತಿತು. ಉತ್ತರದ ಕಾರ್ಖಾನೆಗಳಿಗೆ ಆಳುಗಳ ಅಭಾವವಾಯಿತು. ಅದೇ ವೇಳೆಗೆ ದಕ್ಷಿಣದಲ್ಲಿ ಹತ್ತಿಯ ಕಾಯಿಕೊರಕ ಹುಳು ಬೆಳೆಯನ್ನು ನಾಶಮಾಡಿತ್ತು. ಗೇಣಿಯ ಮೋಸ, ನ್ಯಾಯಾಲಯದ ಪಕ್ಷಪಾತ, ಗುಂಪುಗೂಡಿ ಮರಕ್ಕೆ ನೇತುಹಾಕುವ ಕ್ರೌರ್ಯ ಇವು ಅದಕ್ಕೂ ಹಿಂದಿನಿಂದ ನಡೆದುಬಂದಿದ್ದವು. ಹೊರಟವರು ಹೊಟ್ಟೆಪಾಡಿಗಾಗಿಯೂ ಹೊರಟರು, ಪ್ರಾಣಭಯದಿಂದಲೂ ಹೊರಟರು.

ಲಾರೆನ್ಸನ ತಂದೆತಾಯಿಗಳು ಹೀಗೆ ದಕ್ಷಿಣದಿಂದ ಬಂದವರು. ಆತನು ಹುಟ್ಟಿದ್ದು ಮಾತ್ರ ೧೯೧೭ರಲ್ಲಿ, ಉತ್ತರದ ನ್ಯೂ ಜೆರ್ಸಿ ಸಂಸ್ಥಾನದಲ್ಲಿ. ಹದಿಮೂರನೆಯ ವಯಸ್ಸಿನಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಗೆ ಬಂದು ಅಲ್ಲಿಯೇ ಬೆಳೆದನು. ಮಾಲೆಯನ್ನು ಮುಗಿಸಿದಾಗ ಆತನಿಗೆ ಇಪ್ಪತ್ತಮೂರು ವರ್ಷ. ದಕ್ಷಿಣದ ಹತ್ತಿಯ ಹೊಲವನ್ನು ಆತನು ಅಲ್ಲಿಯವರೆಗೆ ಕಣ್ಣಾರೆ ಕಂಡಿರಲಿಲ್ಲ. ಚಿತ್ರಗಳನ್ನು ಬರೆದು ಮುಗಿಸಿದ ಮೇಲೆಯೇ, ೧೯೪೧ರಲ್ಲಿ ಗ್ವೆಂಡೊಲಿನ್ ನೈಟ್ ಎಂಬ ಕಲಾವಿದೆಯನ್ನು ಮದುವೆಯಾಗಿ, ದಂಪತಿಗಳು ನ್ಯೂ ಆರ್ಲಿಯನ್ಸಿಗೆ ಹೋದರು. ಒಂದು ಜನಾಂಗದ ವಲಸೆಯ ಪ್ರಮಾಣಗ್ರಂಥವೆಂದು ಇಂದು ಲೋಕವು ಮನ್ನಿಸುವ ಕೃತಿಯನ್ನು ರಚಿಸಿದವನು, ಬಿಟ್ಟು ಬಂದ ನಾಡನ್ನು ನೋಡಿಯೇ ಇರದ ಎರಡನೆಯ ತಲೆಮಾರಿನ ಯುವಕನು ಎಂಬ ಈ ಒಂದು ಸಂಗತಿಯೇ ನಮ್ಮ ವಿಚಾರಕ್ಕೆ ಆಧಾರ.

೩

ಕಾಣದುದನ್ನು ಆತನು ಕಲಿತದ್ದು ಎಲ್ಲಿ? ಮನೆಯ ಹಿರಿಯರ ಮಾತಿನಿಂದ, ನೆರೆಹೊರೆಯಿಂದ, ಪ್ರಾರ್ಥನಾಮಂದಿರದ ಉಪದೇಶದಿಂದ ಎಂಬುದು ನಿಜ. ಇಷ್ಟು ಮಾತ್ರವೇ ಆಗಿದ್ದರೆ ಅದು ಹಾರ್ಲೆಮ್ಮಿನ ಸಾವಿರಾರು ಮಕ್ಕಳಿಗೂ ದೊರೆತದ್ದೇ. ಲಾರೆನ್ಸನಿಗೆ ಹೆಚ್ಚಿಗೆ ದೊರೆತವು ಎರಡು. ಒಂದು, ಕೈಗೆ ಶಿಕ್ಷಣ ಕೊಟ್ಟ ಬಡಾವಣೆಯ ಚಿತ್ರಶಾಲೆಗಳು. ಚಾರ್ಲ್ಸ್ ಆಲ್‌ಸ್ಟನ್, ಶಿಲ್ಪಿ ಆಗಸ್ಟಾ ಸ್ಯಾವೇಜ್ ಮೊದಲಾದವರು ಬಡಮಕ್ಕಳಿಗೆ ಅಲ್ಲಿ ಬಣ್ಣ ಕುಂಚಗಳನ್ನು ಪರಿಚಯ ಮಾಡಿಸುತ್ತಿದ್ದರು. ಇನ್ನೊಂದು, ೧೩೫ನೆಯ ಬೀದಿಯ ಸಾರ್ವಜನಿಕ ಪುಸ್ತಕ ಭಂಡಾರ.

ಆ ಭಂಡಾರದ ಕಥೆ ಬ್ಯಾಂಕಿನ ಕೆಲಸದಲ್ಲಿರುವ ನನ್ನಂತಹವನಿಗೆ ವಿಶೇಷ ಆಪ್ತವಾದುದು. ಅಲ್ಲಿ ಕಪ್ಪು ಜನಾಂಗದ ಇತಿಹಾಸದ ಗ್ರಂಥಗಳೂ ಹಸ್ತಪ್ರತಿಗಳೂ ಸೇರುವುದಕ್ಕೆ ಮುಖ್ಯ ಕಾರಣನಾದವನು ಆರ್ಟುರೊ ಷೋಂಬರ್ಗ್. ೧೮೭೪ರಲ್ಲಿ ಪೋರ್ಟೊರಿಕೊ ದ್ವೀಪದಲ್ಲಿ ಹುಟ್ಟಿ, ೧೮೯೧ರಲ್ಲಿ ನ್ಯೂಯಾರ್ಕಿಗೆ ಬಂದ ಈತನೂ ವಲಸೆಗಾರನೇ. ಹೊಟ್ಟೆಪಾಡಿಗೆ ಬ್ಯಾಂಕರ್ಸ್ ಟ್ರಸ್ಟ್ ಎಂಬ ಸಂಸ್ಥೆಯಲ್ಲಿ ಎರಡು ದಶಕಗಳಿಗೂ ಮೇಲ್ಪಟ್ಟು ಅಂಚೆಯ ವಿಭಾಗದಲ್ಲಿ ದುಡಿದನು. ಸಂಬಳದಲ್ಲಿ ಉಳಿಸಿದ ಹಣವನ್ನು ಹಳೆಯ ಪುಸ್ತಕಗಳಿಗೂ ಪತ್ರಗಳಿಗೂ ಸುರಿದನು. ೧೯೨೬ರಲ್ಲಿ ಕಾರ್ನೆಗಿ ನಿಧಿಯ ಹತ್ತು ಸಾವಿರ ಡಾಲರುಗಳಿಂದ ಆ ಸಂಗ್ರಹವನ್ನು ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯಕ್ಕಾಗಿ ಕೊಳ್ಳಲಾಯಿತು. ೧೯೩೨ರಿಂದ ೧೯೩೮ರಲ್ಲಿ ತೀರಿಕೊಳ್ಳುವವರೆಗೆ ಷೋಂಬರ್ಗನೇ ಅದರ ಪಾಲಕನಾಗಿದ್ದನು. ಕಾರ್ಟರ್ ವುಡ್‌ಸನ್ನನು ೧೯೧೮ರಲ್ಲಿಯೂ ಎಮ್ಮೆಟ್ ಸ್ಕಾಟನು ೧೯೨೦ರಲ್ಲಿಯೂ ವಲಸೆಯನ್ನು ಕುರಿತು ಪ್ರಕಟಿಸಿದ ಗ್ರಂಥಗಳು ಲಾರೆನ್ಸನ ಮುಖ್ಯ ಆಕರಗಳಾದವು. ಭಂಡಾರದಲ್ಲಿ ತಿಂಗಳುಗಟ್ಟಲೆ ಕುಳಿತು ಆತನು ಟಿಪ್ಪಣಿ ಮಾಡಿಕೊಂಡನು. ರೋಸನ್‌ವಾಲ್ಡ್ ನಿಧಿಯ ಶಿಷ್ಯವೇತನ ಆತನಿಗೆ ಈ ಬಿಡುವನ್ನು ಒದಗಿಸಿತು.

ಈ ವಿವರಗಳನ್ನು ಕೇವಲ ಜೀವನಚರಿತ್ರೆಯೆಂದು ಬದಿಗಿಡಲಾಗದು. ಹಿರಿಯರು ಹೇಳಿದ ಮಾತು, ಗ್ರಂಥಾಲಯದ ಪ್ರಮಾಣ, ಚಿತ್ರಶಾಲೆಯ ಅಭ್ಯಾಸ ಈ ಮೂರೂ ಕೂಡಿದಾಗಲೇ ಕಾಣದ ನಾಡು ಆತನಿಗೆ ಕಂಡಿತು. ಮೂರರಲ್ಲಿ ಮೊದಲನೆಯದೊಂದೇ ಇದ್ದಿದ್ದರೆ ಹಳಹಳಿಕೆ ಹುಟ್ಟುತ್ತಿತ್ತು, ಎರಡನೆಯದೊಂದೇ ಇದ್ದಿದ್ದರೆ ವರದಿ ಹುಟ್ಟುತ್ತಿತ್ತು.

೪

ಇನ್ನು ಕೃತಿಯನ್ನು ನೋಡೋಣ. ಹನ್ನೆರಡು ಅಂಗುಲಕ್ಕೆ ಹದಿನೆಂಟು ಅಂಗುಲದ ಅರುವತ್ತು ಹಲಗೆಗಳು. ಪ್ರತಿಯೊಂದಕ್ಕೂ ಒಂದು ಸರಳವಾದ ವಿವರಣವಾಕ್ಯ. ವಾಕ್ಯಗಳನ್ನು ಮೊದಲು ಸಿದ್ಧಪಡಿಸಿಕೊಂಡು ಅನಂತರ ಚಿತ್ರಿಸಿದನು. ಒಂದೊಂದು ಹಲಗೆಯನ್ನು ಮುಗಿಸಿ ಮುಂದಕ್ಕೆ ಹೋಗದೆ, ಒಂದು ಬಣ್ಣವನ್ನು ಅದು ಬೇಕಾದ ಹಲಗೆಗಳಿಗೆಲ್ಲ ಹಚ್ಚಿ, ಆ ಮೇಲೆ ಇನ್ನೊಂದು ಬಣ್ಣವನ್ನು ಕೈಗೆತ್ತಿಕೊಂಡನು. ಇದರಿಂದ ಅರುವತ್ತು ಚಿತ್ರಗಳೂ ಒಂದೇ ಕಾವ್ಯದ ಪದ್ಯಗಳಂತೆ ಒಂದೇ ಧಾಟಿಯಲ್ಲಿ ನಡೆಯುತ್ತವೆ. ಒಂದು ಹಲಗೆಯ ಹಳದಿ ಇನ್ನೊಂದರ ಹಳದಿಯನ್ನು ಕರೆಯುತ್ತದೆ.

ಮಾಲೆಯ ದೊಡ್ಡ ಗುಣವೆಂದರೆ ಕಾರಣಗಳ ಸ್ಪಷ್ಟತೆ. ಊರು ಬಿಟ್ಟ ದುಃಖವನ್ನು ಹೇಳುವುದಕ್ಕೆ ಮೊದಲು ಊರು ಬಿಡಿಸಿದ್ದು ಏನು ಎಂಬುದನ್ನು ಲಾರೆನ್ಸನು ಲೆಕ್ಕವಿಡುತ್ತಾನೆ. ಐದನೆಯ ಚಿತ್ರದಲ್ಲಿ ಕತ್ತಲನ್ನು ಸೀಳುವ ರೈಲಿನ ಎಂಜಿನ್ನು ಇದೆ. ಅದರ ವಾಕ್ಯವು ಪ್ರಯಾಣದ ಖರ್ಚನ್ನು ಉತ್ತರದ ಉದ್ಯಮಗಳು ಮುಂಗಡವಾಗಿ ಕೊಟ್ಟು ಆ ಮೇಲೆ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದ ಏರ್ಪಾಡನ್ನು ತಿಳಿಸುತ್ತದೆ. ಸ್ವಾತಂತ್ರ್ಯದ ಕಡೆಗೆ ಓಡುವ ಬಂಡಿಯೇ ಸಾಲದ ಬಂಡಿಯೂ ಆಗಿತ್ತು. ಒಂಬತ್ತನೆಯದರಲ್ಲಿ ಹುಳು ತಿಂದ ಹತ್ತಿ, ಹನ್ನೊಂದನೆಯದರಲ್ಲಿ ಬೆಲೆ ಇಮ್ಮಡಿಯಾದ ಆಹಾರ, ಹದಿನೇಳನೆಯದರಲ್ಲಿ ಜಮೀನುದಾರನ ಕೈಯಲ್ಲಿ ಗೇಣಿದಾರನು ಪಟ್ಟ ಪಾಡು. ಬೆಲೆ, ಬಡ್ಡಿ, ಬಾಡಿಗೆ, ಕೂಲಿ ಇವು ಕಲೆಗೆ ಹೊರಗಿನವು ಎಂಬ ಮಡಿವಂತಿಕೆ ಆತನಿಗಿಲ್ಲ.

ಹಾಗೆಂದು ಇದು ಬರಿಯ ಲೆಕ್ಕವೂ ಅಲ್ಲ. ನಮ್ಮ ಆಲಂಕಾರಿಕರು ಧ್ವನಿಯೆಂದು ಕರೆದುದಕ್ಕೆ ಹದಿನೈದನೆಯ ಚಿತ್ರಕ್ಕಿಂತ ಉತ್ತಮ ನಿದರ್ಶನವನ್ನು ಆಧುನಿಕ ಚಿತ್ರಕಲೆಯಲ್ಲಿ ಹುಡುಕಬೇಕಾದೀತು. ವಿಷಯ ಮರಕ್ಕೆ ನೇತುಹಾಕಿ ಕೊಲ್ಲುವುದು. ಚಿತ್ರದಲ್ಲಿ ಇರುವುದು ಒಂದು ಬೋಳು ಕೊಂಬೆ, ಅದರಿಂದ ಇಳಿದ ಬರಿಯ ಕುಣಿಕೆ, ಪಕ್ಕದಲ್ಲಿ ಮುದುಡಿ ಕುಳಿತ ಒಂದು ಆಕೃತಿ. ಶವವಿಲ್ಲ, ರಕ್ತವಿಲ್ಲ, ಕೊಂದವರೂ ಇಲ್ಲ. ವಾಚ್ಯವಾಗಿ ಹೇಳಿದ್ದರೆ ನಾವು ಕಣ್ಣು ಮುಚ್ಚಿಕೊಳ್ಳುತ್ತಿದ್ದೆವು. ವ್ಯಂಗ್ಯವಾಗಿ ಹೇಳಿರುವುದರಿಂದ ಕಣ್ಣು ತೆರೆದೇ ಇರಬೇಕಾಗುತ್ತದೆ. ಮಕ್ಕಳ ಮುಂದೆ ಕ್ರೌರ್ಯದ ಇತಿಹಾಸವನ್ನು ಹೇಗೆ ಇಡಬೇಕೆಂದು ಯೋಚಿಸುವ ಅಧ್ಯಾಪಕನಿಗೆ ಈ ಒಂದು ಹಲಗೆ ಸಾಕಷ್ಟು ಕಲಿಸುತ್ತದೆ.

ಮಾಲೆಯ ಎರಡನೆಯ ಗುಣ ಅದರ ಪ್ರಾಮಾಣಿಕತೆ. ಉತ್ತರವನ್ನು ಆತನು ಸ್ವರ್ಗವಾಗಿ ಚಿತ್ರಿಸುವುದಿಲ್ಲ. ನಲವತ್ತೊಂಬತ್ತನೆಯದರಲ್ಲಿ ಒಂದು ಊಟದ ಶಾಲೆ. ಬಿಳಿಯರ ಮೇಜುಗಳಿಗೂ ಕಪ್ಪು ಜನರ ಮೇಜುಗಳಿಗೂ ನಡುವೆ ಹಳದಿಯ ಹಗ್ಗವೊಂದು ಅಂಕುಡೊಂಕಾಗಿ ಹರಿದಿದೆ. ಐವತ್ತೆರಡನೆಯದು ಈಸ್ಟ್ ಸೇಂಟ್ ಲೂಯಿಸಿನ ಗಲಭೆಗೆ ಮೀಸಲು. ಇವೆಲ್ಲಕ್ಕಿಂತ ದಿಟ್ಟತನದ್ದು ಐವತ್ತಮೂರನೆಯದು. ಮೊದಲೇ ಉತ್ತರದಲ್ಲಿ ನೆಲಸಿ ಅನುಕೂಲಸ್ಥರಾಗಿದ್ದ ಕಪ್ಪು ಜನರು ಹೊಸದಾಗಿ ಬಂದ ತಮ್ಮವರನ್ನು ತಿರಸ್ಕಾರದಿಂದ ಕಂಡರೆಂಬುದು ಅದರ ವಸ್ತು. ಬೆಲೆಬಾಳುವ ಉಡುಪಿನ ದಂಪತಿಗಳು ಅಲ್ಲಿ ನಿಂತಿದ್ದಾರೆ. ಅವರ ನಿಲುವೇ ಮಾತನಾಡುತ್ತದೆ. ತನ್ನ ಜನಾಂಗದ ಹೆಮ್ಮೆಗಾಗಿ ಬರೆದ ಮಾಲೆಯಲ್ಲಿ ಇಂತಹದೊಂದು ಚಿತ್ರವನ್ನು ಸೇರಿಸುವುದಕ್ಕೆ ಇಪ್ಪತ್ತಮೂರರ ಯುವಕನಿಗೆ ಎಷ್ಟು ಸತ್ಯನಿಷ್ಠೆ ಬೇಕಾಗಿತ್ತೆಂಬುದನ್ನು, ಸಂಘಸಂಸ್ಥೆಗಳಲ್ಲಿ ಪಳಗಿದ ಈ ಪತ್ರಿಕೆಯ ವಾಚಕರು ಸುಲಭವಾಗಿ ಊಹಿಸಬಲ್ಲರು.

ಐವತ್ತೆಂಟನೆಯದು ಶಿಕ್ಷಣದ ಚಿತ್ರ. ಮೂವರು ಹುಡುಗಿಯರು ಕರಿಹಲಗೆಯ ಮೇಲೆ ಎರಡು, ಮೂರು, ನಾಲ್ಕು ಎಂಬ ಅಂಕಿಗಳನ್ನು ಬರೆಯುತ್ತಿದ್ದಾರೆ. ಅವರ ಬೆನ್ನು ಮಾತ್ರ ನಮಗೆ ಕಾಣುತ್ತದೆ. ಒಬ್ಬಳಿಗಿಂತ ಒಬ್ಬಳ ಕೈ ಮೇಲಕ್ಕೆ ಏರಿದೆ. ಮಾಲೆ ಆರಂಭವಾದುದು ರೈಲು ನಿಲ್ದಾಣದ ಜನಜಂಗುಳಿಯಿಂದ. ಮುಗಿಯುವುದೂ ನಿಲ್ದಾಣದಲ್ಲಿಯೇ, ಬರುವವರು ಇನ್ನೂ ಬರುತ್ತಲೇ ಇದ್ದರೆಂಬ ಸೂಚನೆಯಿಂದ. ಕಥೆಗೆ ಮಂಗಳಹಾಡದೆ ಬಿಟ್ಟಿರುವುದು ಇಲ್ಲಿಯ ಔಚಿತ್ಯ.

೫

ಇಷ್ಟಾದರೂ ಮಾಲೆಗೆ ಒಂದು ಮಿತಿಯಿದೆ. ಅದರ ಜನರಿಗೆ ಮುಖಗಳು ಇಲ್ಲವೆಂದೇ ಹೇಳಬೇಕು. ಲಾರೆನ್ಸನ ನಾಯಕ ಸಮುದಾಯ. ಒಬ್ಬ ವ್ಯಕ್ತಿಯ ಒಳಗಿನ ಬಿರುಕು ಆತನ ಹಲಗೆಯಲ್ಲಿ ಹಿಡಿಯುವುದಿಲ್ಲ. ತಾನು ಯಾರೆಂಬ ಪ್ರಶ್ನೆ ಸಮುದಾಯಕ್ಕೆ ಒಂದು ಬಗೆಯಲ್ಲಿ ಎದುರಾದರೆ ಒಬ್ಬೊಬ್ಬನಿಗೂ ಬೇರೆ ಬಗೆಯಲ್ಲಿ ಎದುರಾಗುತ್ತದೆ. ಇಲ್ಲಿ ಚಿತ್ರದ ಪಕ್ಕಕ್ಕೆ ಸಾಹಿತ್ಯವನ್ನು ತಂದಿಡಬೇಕಾಗುತ್ತದೆ.

ಟೋನಿ ಮಾರಿಸನ್ನಳ ‘ಜಾಸ್’ ಎಂಬ ೧೯೯೨ರ ಕಾದಂಬರಿ ಈ ಕೆಲಸಕ್ಕೆ ತಕ್ಕುದಾಗಿದೆ. ಜೋ ಮತ್ತು ವಯೊಲೆಟ್ ಎಂಬ ದಂಪತಿಗಳು ೧೯೦೬ರಲ್ಲಿ ವರ್ಜೀನಿಯದಿಂದ ರೈಲಿನಲ್ಲಿ ನ್ಯೂಯಾರ್ಕಿಗೆ ಬರುತ್ತಾರೆ. ಕಥೆಯ ಮುಖ್ಯ ಘಟನೆ ೧೯೨೬ರ ಹಾರ್ಲೆಮ್ಮಿನದು. ತಂದೆತಾಯಿಗಳು ಕುರುಹು ಇಲ್ಲದೆ ಮರೆಯಾದರೆಂದು ಸಾಕಿದವಳು ಹೇಳಿದಾಗ, ಅವರು ಬಿಟ್ಟುಹೋದ ಆ ಕುರುಹು ತಾನೇ ಎಂದು ಬಾಲಕ ಜೋ ತಿಳಿಯುತ್ತಾನೆ. ಶಾಲೆಯಲ್ಲಿ ಹೆಸರು ಕೇಳಿದಾಗ ‘ಕುರುಹು’ ಎಂಬ ಅರ್ಥದ ‘ಟ್ರೇಸ್’ ಎಂಬುದನ್ನೇ ತನ್ನ ಮನೆತನದ ಹೆಸರಾಗಿ ಹೇಳುತ್ತಾನೆ. ಜೀವಮಾನದಲ್ಲಿ ತಾನು ಏಳು ಬಾರಿ ಹೊಸಬನಾದೆನೆಂದು ಆತನೇ ಎಣಿಸಿಕೊಳ್ಳುತ್ತಾನೆ. ಊರಿನಿಂದ ಗಂಟು ಕಟ್ಟಿ ತರುವ ವಸ್ತುವೇ ಸ್ವಸ್ವರೂಪ ಎಂಬ ಕಲ್ಪನೆ ಇಲ್ಲಿ ಕುಸಿಯುತ್ತದೆ. ಜೋನ ಸಿಟ್ಟಿಗೆ ಬಲಿಯಾಗುವ ಡಾರ್ಕಸ್ ಎಂಬ ಹುಡುಗಿಯ ತಂದೆತಾಯಿಗಳು ಸತ್ತದ್ದು ೧೯೧೭ರ ಈಸ್ಟ್ ಸೇಂಟ್ ಲೂಯಿಸಿನ ಗಲಭೆಯಲ್ಲಿ. ಲಾರೆನ್ಸನ ಐವತ್ತೆರಡನೆಯ ಹಲಗೆಯಲ್ಲಿ ಆ ಗಲಭೆ ಒಂದು ಘಟನೆ. ಮಾರಿಸನ್ನಳಲ್ಲಿ ಅದು ಅನಾಥೆಯೊಬ್ಬಳ ಮೌನ. ಎರಡನ್ನೂ ಒಟ್ಟಿಗೆ ಓದಿದ ವಿದ್ಯಾರ್ಥಿಗೆ ಇತಿಹಾಸವೂ ಅಂತರಂಗವೂ ಕೂಡುವ ಬಿಂದು ಕಾಣುತ್ತದೆ. ಒಂದನ್ನೇ ಕಲಿಸಿದರೆ ಅರ್ಧ ಮಾತ್ರ ಕಲಿಸಿದಂತೆ.

ಅರ್ಧವೆಂಬ ಮಾತು ಈ ಮಾಲೆಯ ವಿಷಯದಲ್ಲಿ ಅಕ್ಷರಶಃ ನಿಜ. ೧೯೪೨ರಲ್ಲಿ ಸಮಸಂಖ್ಯೆಯ ಮೂವತ್ತು ಚಿತ್ರಗಳು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯಕ್ಕೂ ಬೆಸಸಂಖ್ಯೆಯ ಮೂವತ್ತು ವಾಷಿಂಗ್ಟನ್ನಿನ ಫಿಲಿಪ್ಸ್ ಸಂಗ್ರಹಕ್ಕೂ ಸೇರಿದವು. ಶಾಲೆಯ ಅಂಕಿಗಳನ್ನು ಬರೆಯುವ ಹುಡುಗಿಯರು ಒಂದು ನಗರದಲ್ಲಿದ್ದಾರೆ, ಹೊಸಬರನ್ನು ತಿರಸ್ಕರಿಸುವ ಸಿರಿವಂತರು ಇನ್ನೊಂದು ನಗರದಲ್ಲಿದ್ದಾರೆ. ೨೦೧೫ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಆದಂತೆ ಅರುವತ್ತೂ ಒಂದೆಡೆ ಸೇರುವುದು ವಿಶೇಷ ಸಂದರ್ಭಗಳಲ್ಲಿ ಮಾತ್ರ. ವಾಕ್ಯಗಳಿಗೂ ಎರಡು ಪಾಠಗಳಿವೆ. ೧೯೪೧ರಲ್ಲಿ ತನ್ನ ಜನರನ್ನು ‘ನೀಗ್ರೊ’ ಎಂದು ಕರೆದಿದ್ದ ಲಾರೆನ್ಸನು ೧೯೯೩ರಲ್ಲಿ ವಾಕ್ಯಗಳನ್ನು ಪರಿಷ್ಕರಿಸಿ ‘ಆಫ್ರಿಕನ್ ಅಮೆರಿಕನ್’ ಎಂಬ ಹೆಸರನ್ನು ಬಳಸಿದನು. ಹೊಸ ಪಾಠವನ್ನು ಮಾತ್ರ ಕಲಿಸಿದರೆ ಸಾಲದು. ಒಂದು ಜನತೆ ತನ್ನನ್ನು ತಾನು ಕರೆದುಕೊಳ್ಳುವ ಹೆಸರು ಕೃತಿಕಾರನ ಜೀವಿತಾವಧಿಯಲ್ಲಿಯೇ ಬದಲಾದುದನ್ನು ತೋರಿಸುವುದಕ್ಕೆ ಎರಡು ಪಾಠಗಳನ್ನೂ ಎದುರೆದುರಿಗೆ ಇಡಬೇಕು. ನಮ್ಮ ಗ್ರಂಥಸಂಪಾದಕರು ಪಾಠಾಂತರಗಳಿಗೆ ಕೊಡುವ ಗೌರವವನ್ನು ಇಲ್ಲಿ ಅಧ್ಯಾಪಕನೂ ಕೊಡಬೇಕಾಗಿದೆ.

ಅಧ್ಯಾಪನದಲ್ಲಿ ಸಾಮಾನ್ಯವಾಗಿರುವ ಇನ್ನೊಂದು ದೋಷವನ್ನೂ ಇಲ್ಲಿಯೇ ಹೇಳಬೇಕು. ವಲಸೆಯ ಕೃತಿಯೊಂದನ್ನು ತೋರಿಸಿದ ಮರುಕ್ಷಣವೇ ‘ನಿಮ್ಮ ಮನೆಯ ವಲಸೆಯ ಕಥೆಯನ್ನು ಬರೆಯಿರಿ’ ಎಂದು ಹೇಳುವುದೇ ಆ ದೋಷ. ಕೃತಿ ಆಗ ಕನ್ನಡಿಯಾಗುತ್ತದೆ. ವಿದ್ಯಾರ್ಥಿ ಅದರಲ್ಲಿ ತನ್ನನ್ನು ಕಾಣುತ್ತಾನೆ, ಅದನ್ನು ಕಾಣುವುದಿಲ್ಲ. ಅನ್ಯರ ಅನುಭವವನ್ನು ಅನ್ಯರದೆಂದೇ ಮೊದಲು ತಿಳಿಯಬೇಕು. ಕುಣಿಕೆಯ ಭಯದಿಂದ ಊರು ಬಿಟ್ಟವರಿಗೂ, ಕಾಗದಪತ್ರಗಳನ್ನು ಕೈಯಲ್ಲಿ ಹಿಡಿದು ನೌಕರಿಗೆಂದು ಮುಂಬಯಿಗೆ ಬಂದ ನಮ್ಮಲ್ಲಿ ಹಲವರಿಗೂ ಸಾಮ್ಯವನ್ನು ಹೇಳುವುದು ಅವಸರದ ಮಾತಾದೀತು. ಲಾರೆನ್ಸನಿಂದ ನಾವು ಸಾಲ ತರಬೇಕಾದುದು ಆತನ ದುಃಖವನ್ನಲ್ಲ, ಆತನ ವಿಧಾನವನ್ನು.

೬

ಆ ವಿಧಾನದಿಂದ ನಮ್ಮ ಸಾಮಗ್ರಿಯನ್ನು ನೋಡಿದರೆ ಏನು ಕಾಣುತ್ತದೆ? ಹೊರನಾಡ ಕನ್ನಡಿಗನ ಬಾಳನ್ನು ಹಂಬಲದ ಆಚೆಗೆ ಒಯ್ದ ಕೃತಿಗಳು ನಮ್ಮಲ್ಲಿ ಇಲ್ಲದೆ ಇಲ್ಲ. ಉತ್ತರ ಕನ್ನಡದ ಹನೇಹಳ್ಳಿಯಿಂದ ಬಂದು ಮುಂಬಯಿಯಲ್ಲಿ ಬಾಳಿದ ಯಶವಂತ ಚಿತ್ತಾಲರ ೧೯೭೯ರ ‘ಶಿಕಾರಿ’ ಅವುಗಳಲ್ಲಿ ಮುಖ್ಯವಾದುದು. ಅದರ ನಾಯಕ ನಾಗಪ್ಪನನ್ನು ಆತನ ಕಂಪೆನಿ ವಿಚಾರಣೆಯ ನೆಪದಲ್ಲಿ ಕೆಲಸದಿಂದ ಅಮಾನತಿನಲ್ಲಿಡುತ್ತದೆ. ಆಪಾದನೆ ಏನೆಂಬುದು ಆತನಿಗೇ ತಿಳಿಯದು. ತಾನು ಯಾರೆಂಬುದನ್ನು ಆಗ ಇತರರು ತಮ್ಮ ಕಡತಗಳಲ್ಲಿಯೂ ಪಿಸುಮಾತುಗಳಲ್ಲಿಯೂ ಬರೆಯತೊಡಗುತ್ತಾರೆ. ಆತನ ಹಳೆಯ ಊರೂ ಬಾಲ್ಯವೂ ಆಶ್ರಯವಾಗುವ ಬದಲು ಬೇಟೆಗಾರರ ಕೈಗೆ ಸಿಕ್ಕ ಸುಳಿವುಗಳಾಗುತ್ತವೆ. ಜೋ ಟ್ರೇಸನು ತನ್ನ ಹೆಸರನ್ನು ತಾನೇ ಇಟ್ಟುಕೊಂಡನು. ನಾಗಪ್ಪನಿಗೆ ಆ ಅಧಿಕಾರವೇ ತಪ್ಪಿಹೋಗುವ ಭಯ. ಊರಿನ ನೆನಪು ಸದಾ ಸಿಹಿ ಎಂಬ ಭ್ರಮೆಗೆ ಇದಕ್ಕಿಂತ ಕಟುವಾದ ಉತ್ತರ ನಮ್ಮ ಗದ್ಯದಲ್ಲಿ ವಿರಳ. ನಮ್ಮ ಸಂಘಗಳ ಕನ್ನಡ ತರಗತಿಗಳು ಮೇಲಿನ ಹಂತದಲ್ಲಿಯಾದರೂ ಇದರ ಆಯ್ದ ಭಾಗಗಳನ್ನು ಪಠ್ಯವಾಗಿ ಇಡಬೇಕು.

ಪಠ್ಯದ ಜೊತೆಗೆ ಪ್ರಶ್ನೆಗಳೂ ಬದಲಾಗಬೇಕು. ‘ಊರು ಎಷ್ಟು ಚೆನ್ನಾಗಿತ್ತು?’ ಎಂದು ಮಗು ಅಜ್ಜನನ್ನು ಕೇಳುವುದು ಸುಲಭ. ‘ಏಕೆ ಬಿಟ್ಟಿರಿ? ರೈಲಿನ ದುಡ್ಡು ಯಾರು ಕೊಟ್ಟರು? ಗೇಣಿ ಎಷ್ಟಿತ್ತು, ಸಾಲ ಎಷ್ಟಿತ್ತು? ಊರಿನಲ್ಲಿ ಯಾವ ಬಾವಿಯ ನೀರು ನಿಮಗೆ ಸಲ್ಲುತ್ತಿತ್ತು, ಯಾವುದು ಸಲ್ಲುತ್ತಿರಲಿಲ್ಲ? ಇಲ್ಲಿ ಮೊದಲು ಬಂದಿದ್ದ ಕನ್ನಡಿಗರು ನಿಮ್ಮನ್ನು ಹೇಗೆ ನಡೆಸಿಕೊಂಡರು? ಊರಿನಲ್ಲಿ ಉಳಿದ ಹೆಂಗಸರ ಗತಿ ಏನಾಯಿತು?’ ಎಂದು ಕೇಳುವುದು ಕಷ್ಟ. ಉತ್ತರಗಳು ಮನೆಯಿಂದ ಮನೆಗೆ, ಜಾತಿಯಿಂದ ಜಾತಿಗೆ ಬೇರೆಯಾಗುವುವು. ಹಂಬಲದ ಪದ್ಯ ಎಲ್ಲರನ್ನೂ ಒಂದೇ ತವರಿನ ಮಕ್ಕಳನ್ನಾಗಿ ಮಾಡುತ್ತದೆ. ಈ ಪ್ರಶ್ನೆಗಳು ಆ ತವರಿನಲ್ಲಿ ಎಲ್ಲರಿಗೂ ಒಂದೇ ಎಲೆ ಹಾಕಿರಲಿಲ್ಲವೆಂಬುದನ್ನು ಹೊರಗೆಡಹುತ್ತವೆ. ಇಂತಹ ಪ್ರಶ್ನೆಯಿಂದ ಸಂಘದ ಒಗ್ಗಟ್ಟು ಒಡೆದೀತೆಂದು ಅಂಜುವವರು ಐವತ್ತಮೂರನೆಯ ಹಲಗೆಯನ್ನು ನೆನೆಯಲಿ. ಅದನ್ನು ಸೇರಿಸಿದ್ದರಿಂದ ಲಾರೆನ್ಸನ ಜನರ ಗೌರವ ಕುಂದಲಿಲ್ಲ. ಕೃತಿಯ ಮೇಲಿನ ನಂಬಿಕೆ ಹೆಚ್ಚಿತು.

ಕೊನೆಯದಾಗಿ, ಷೋಂಬರ್ಗನ ಕೆಲಸ. ಹಳೆಯ ರಾತ್ರಿಶಾಲೆಗಳ ಹಾಜರಿ ಪುಸ್ತಕಗಳು, ಊರಿಗೆ ಹಣ ಕಳುಹಿಸಿದ ಮನಿಯಾರ್ಡರಿನ ಚೀಟಿಗಳು, ಚಾಳಿನ ಬಾಡಿಗೆಯ ರಸೀದಿಗಳು, ಹೋಟೆಲಿನ ಹುಡುಗರು ಮನೆಗೆ ಬರೆದ ಕಾಗದಗಳು, ನಾಟಕಗಳ ಕರಪತ್ರಗಳು ನಮ್ಮ ಸದಸ್ಯರ ಅಟ್ಟಗಳ ಮೇಲೆ ಗೆದ್ದಲಿಗೆ ಆಹಾರವಾಗುತ್ತಿವೆ. ಒಬ್ಬ ಹಿರಿಯರು ತೀರಿಕೊಂಡಾಗ ಮನೆ ಖಾಲಿಮಾಡುವವರು ಮೊದಲು ರದ್ದಿಗೆ ಹಾಕುವುದು ಇವುಗಳನ್ನೇ. ಇವನ್ನು ಒಂದೆಡೆ ಸೇರಿಸಿ, ಪಟ್ಟಿಮಾಡಿ, ಶಾಲೆಯ ಮಕ್ಕಳಿಗೂ ತೆರೆದಿಡುವುದಕ್ಕೆ ದೊಡ್ಡ ಧನವಾಗಲಿ ಕಟ್ಟಡವಾಗಲಿ ಬೇಕಾಗಿಲ್ಲ; ಒಂದು ಕೊಠಡಿ, ಒಂದು ದಾಖಲೆ ಪುಸ್ತಕ, ವಾರಕ್ಕೆ ಎರಡು ಸಂಜೆ ಬಿಡುವಿರುವ ಒಬ್ಬ ನೌಕರ ಇದ್ದರೆ ಆರಂಭಿಸಬಹುದು. ಅದರ ಪಕ್ಕದಲ್ಲಿಯೇ ಮಕ್ಕಳು ಕುಳಿತು ಬರೆಯುವುದಕ್ಕೆ, ಬಣ್ಣ ಹಚ್ಚುವುದಕ್ಕೆ ಒಂದು ಮೇಜು ಇರಲಿ.

ಆ ಮೇಜಿನ ಬಳಿ ಲಾರೆನ್ಸನಂತಹವನು ಬಂದು ಕುಳಿತೇ ಕುಳಿತಾನೆಂದು ಯಾರೂ ಭರವಸೆ ಕೊಡಲಾರರು. ಷೋಂಬರ್ಗನು ಪುಸ್ತಕಗಳನ್ನು ಕೊಳ್ಳುತ್ತಿದ್ದಾಗ ಅವನಿಗೂ ಅಂತಹ ಭರವಸೆ ಇರಲಿಲ್ಲ. ಬಂದವನಿಗೆ ಓದಲು ಏನಾದರೂ ಇರುವಂತೆ ನೋಡಿಕೊಳ್ಳುವುದಷ್ಟೇ ನಮ್ಮ ತಲೆಮಾರಿನ ಪಾಲಿಗೆ ಬಂದಿರುವ ಕೆಲಸವೆಂದು ನನ್ನ ಅಭಿಪ್ರಾಯ.